ಅವರೆಕಾಳು ಮಟನ್ ಸಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಚಳಿ ಶುರುವಾಗಿ ಮಾರ್ಕೆಟ್ಟಿಗೆ ಅವರೆಕಾಯಿ ಬಂತೆಂದರೆ ಪರಿಚಯದವರಿಂದ ಇವೇ ಪ್ರಶ್ನೆಗಳು ಬರುತ್ತವೆ. ಮೊದಲ ಸಲ ಮಾಡುವವರು ಕೇಳುತ್ತಾರೆ, ಹತ್ತು ವರ್ಷದಿಂದ ಮಾಡುತ್ತಿರುವವರೂ ಕೇಳುತ್ತಾರೆ. ನಾನು ಕಲಿತದ್ದು ಅಜ್ಜಿಯಿಂದ, ಚನ್ನಪಟ್ಟಣದ ಕಡೆಯ ಸೌದೆ ಒಲೆಯ ಅಡುಗೆಮನೆಯಲ್ಲಿ. ಈಗ ಮಾಡುವುದು ಬೆಂಗಳೂರಿನ ಗ್ಯಾಸ್ ಒಲೆಯ ಮೇಲೆ. ಎರಡೂ ಕಡೆ ನನಗೆ ಗೊತ್ತಾದದ್ದನ್ನು ಇಲ್ಲಿ ಬರೆದಿದ್ದೇನೆ.

ಅವರೆಕಾಳು ಸಾರಿಗೆ ಮಟನ್ ಹಾಕಿದರೆ ಆಯ್ತಲ್ವಾ? ಅದರಲ್ಲಿ ಬೇರೆ ವಿಶೇಷ ಏನಿದೆ?

ಹಾಗೆ ಮಾಡಿದರೆ ಕಾಳು ಕಾಳಾಗೇ ಇರುತ್ತದೆ, ಮಾಂಸ ಮಾಂಸವಾಗೇ ಇರುತ್ತದೆ. ಈ ಸಾರಿನ ಗುಟ್ಟು ಇಷ್ಟೇ: ಕಾಳು ಮಾಂಸದ ರಸ ಕುಡಿಯಬೇಕು. ಮೂಳೆಯಿಂದ ಇಳಿದ ರಸ, ಕೊಬ್ಬು, ಖಾರ ಎಲ್ಲ ಕಾಳಿನ ಒಳಗೆ ಹೋಗಬೇಕು. ಕಾಳಿನ ಹಿಟ್ಟಿನಂಶ ಸ್ವಲ್ಪ ಸಾರಿಗೆ ಇಳಿದು ಅದನ್ನು ಮಂದ ಮಾಡಬೇಕು. ಇದಕ್ಕೆ ಸಣ್ಣ ಉರಿ ಮತ್ತು ಸಮಯ ಬೇಕು. ಅವಸರದಲ್ಲಿ ಆಗುವ ಕೆಲಸವಲ್ಲ.

ಯಾವ ತಿಂಗಳಲ್ಲಿ ಮಾಡಿದರೆ ಒಳ್ಳೆಯದು?

ಡಿಸೆಂಬರ್ ಮತ್ತು ಜನವರಿ. ಫೆಬ್ರವರಿ ಮುಗಿಯುವ ಹೊತ್ತಿಗೆ ಕಾಯಿ ಬಲಿತು ಒಣಗುತ್ತಾ ಬರುತ್ತದೆ. ಸಂಕ್ರಾಂತಿಗೆ ಗೆಣಸು, ಕಡಲೆಕಾಯಿ ಜೊತೆ ಅವರೆಕಾಯಿ ಬೇಯಿಸಿ ತಿಂದ ಮನೆಗಳಲ್ಲೇ ಮಾರನೇ ದಿನ, ಕರಿಯ ದಿನ, ಈ ಸಾರು ಕುದಿಯುತ್ತದೆ.

ನಮ್ಮ ಹಳೇ ನಾಟಿ ಅವರೆ ಹೂ ಬಿಡಬೇಕಾದರೆ ಹಗಲು ಚಿಕ್ಕದಾಗಬೇಕು. ಅದಕ್ಕೇ ಅದು ಚಳಿಗಾಲದ ಬೆಳೆ. ಈಗ ಬೇಸಿಗೆಯಲ್ಲೂ, ಮಳೆಗಾಲದಲ್ಲೂ ಅವರೆಕಾಯಿ ಸಿಗುತ್ತದಲ್ಲ, ಅದರಲ್ಲಿ ಬಹಳಷ್ಟು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಕೊಟ್ಟ ಹೆಬ್ಬಾಳ ಅವರೆಯಂಥ ತಳಿಗಳು. ಎಚ್‌ಎ-3, ಎಚ್‌ಎ-4 ಎಂಬ ತಳಿಗಳು ಹಗಲು ಉದ್ದವಿದ್ದರೂ ಹೂ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವಾಗಿದೆ. ಆದರೆ ಈ ಸಾರಿಗೆ ನನ್ನ ಆಯ್ಕೆ ಚಳಿಗಾಲದ ಸೊಗಡು ಅವರೆಯೇ.

ಸೊಗಡು ಅಂದರೆ ಏನು? ಅದನ್ನು ಗುರುತಿಸುವುದು ಹೇಗೆ?

ಕಾಯಿಯ ಸಿಪ್ಪೆಯ ಮೇಲೆ ಎಣ್ಣೆ ಸವರಿದಂಥ ಜಿಡ್ಡು ಇರುತ್ತದೆ. ಅದರ ಘಮವೇ ಸೊಗಡು. ಒಂದು ಕಾಯಿ ತೆಗೆದುಕೊಂಡು ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಬೆರಳಿಗೆ ಅಂಟಬೇಕು, ವಾಸನೆ ಕೈಯಲ್ಲಿ ಉಳಿಯಬೇಕು. ಒಂದು ಕೆಜಿ ಸುಲಿಯುವ ಹೊತ್ತಿಗೆ ಬೆರಳ ತುದಿ ಕಪ್ಪಗಾಗಿ, ಸೋಪು ಹಾಕಿ ತೊಳೆದರೂ ಘಮ ಹೋಗುವುದಿಲ್ಲ. ಮಂಜು ಚೆನ್ನಾಗಿ ಬಿದ್ದ ವರ್ಷ ಸೊಗಡು ಜಾಸ್ತಿ ಅನ್ನುವುದು ಹಳ್ಳಿಯವರ ಮಾತು. ಮಾಗಡಿ ಕಡೆಯ ಕಾಯಿಗೆ ಬೆಂಗಳೂರಿನಲ್ಲಿ ಹೆಸರಿರುವುದು ಈ ಘಮದಿಂದಲೇ.

ಹುಳದ ತೂತಿರುವ ಕಾಯಿ ಬಿಡಿ. ತುಂಬ ಎಳೆಯದಾದರೆ ಕಾಳು ಸಾರಿನಲ್ಲಿ ಕರಗಿ ಹೋಗುತ್ತದೆ. ಕಾಯಿ ಉಬ್ಬಿರಬೇಕು, ಸಿಪ್ಪೆ ಹಸಿರಾಗಿರಬೇಕು. ಸುಲಿದು ಮಾರುವ ಕಾಳು ಕೊಳ್ಳುವುದಾದರೆ ಮುಟ್ಟಿ ನೋಡಿ. ನೀರಿನಲ್ಲಿ ನೆನೆಸಿ ಉಬ್ಬಿಸಿದ ಒಣ ಕಾಳನ್ನು ಹಸಿ ಕಾಳು ಎಂದು ಮಾರಿದ್ದನ್ನು ನಾನು ಕಂಡಿದ್ದೇನೆ. ನೆನೆಸಿದ ಕಾಳಿಗೆ ಸೊಗಡು ಇರುವುದಿಲ್ಲ.

ಮಾಂಸ ಯಾವುದು ತರಬೇಕು? ಅಂಗಡಿಯವನಿಗೆ ಏನಂತ ಹೇಳಬೇಕು?

ಮೂಳೆ ಸಮೇತ ಇರಬೇಕು. ಬರೀ ಮೆತ್ತಗಿನ ಮಾಂಸ ಈ ಸಾರಿಗೆ ಬೇಡ. ಅದನ್ನು ಒಂದೂವರೆ ಗಂಟೆ ಬೇಯಿಸಿದರೆ ನಾರು ನಾರಾಗಿ ಒಣಗುತ್ತದೆ. ಎದೆ ಭಾಗ, ಭುಜ, ಕುತ್ತಿಗೆ, ಜೊತೆಗೆ ಎರಡು ಮೂರು ನಲ್ಲಿ ಮೂಳೆ (ಒಳಗೆ ಮಜ್ಜೆ ಇರುವ ಕಾಲಿನ ಮೂಳೆ) ಕೇಳಿ. ಸ್ವಲ್ಪ ಕೊಬ್ಬು ಇರಲಿ. ಹೆಚ್ಚು ಓಡಾಡುವ ಭಾಗಗಳಲ್ಲಿ ಗಟ್ಟಿ ನರ, ಪೊರೆ ಇರುತ್ತವೆ. ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೆಂದಾಗ ಅವೇ ಕರಗಿ ಅಂಟಂಟಾದ ರಸ ಕೊಡುತ್ತವೆ. ಸಾರು ತಣ್ಣಗಾದ ಮೇಲೆ ಅಲ್ಲಾಡದ ಹಾಗೆ ಗಟ್ಟಿಯಾಗುವುದೂ ಇದರಿಂದಲೇ.

ಕುರಿಯೋ ಮೇಕೆಯೋ ಎಂದರೆ ಕುರಿ ಬೇಗ ಬೇಯುತ್ತದೆ, ಕೊಬ್ಬೂ ಜಾಸ್ತಿ. ಮಂಡ್ಯ ಕಡೆಯ ಬನ್ನೂರು ಕುರಿ ಸಿಕ್ಕರೆ ಬಿಡಬೇಡಿ. ಮೇಕೆಗೆ ಅರ್ಧ ಗಂಟೆ ಹೆಚ್ಚು ಸಮಯ ಕೊಡಿ. ಊರಲ್ಲಿ ಗುಡ್ಡೆ ಬಾಡು (ಪಾಲು ಮಾಡಿ ಗುಡ್ಡೆ ಹಾಕಿ ಕೊಡುವ ಮಾಂಸ) ಹಾಕುವವರಿದ್ದರೆ ಅದೇ ಒಳ್ಳೆಯದು. ಒಂದು ಗುಡ್ಡೆಯಲ್ಲಿ ಎಲ್ಲ ಭಾಗವೂ ಸ್ವಲ್ಪ ಸ್ವಲ್ಪ ಬರುತ್ತದೆ, ಸಾರಿಗೆ ಬೇಕಾದ್ದೂ ಅದೇ.

ಆರು ಏಳು ಜನಕ್ಕೆ ಅಳತೆ ಹೇಳಿ.

ಮಟನ್ 1 ಕೆಜಿ. ಸುಲಿದ ಹಸಿ ಅವರೆಕಾಳು 400 ಗ್ರಾಂ. ಇಷ್ಟು ಕಾಳಿಗೆ ಕಾಯಿ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿಯೇ ಬೇಕಾಗುತ್ತದೆ.

ಮೊದಲ ಖಾರಕ್ಕೆ (ಖಾರ ಅಂದರೆ ಇಲ್ಲಿ ರುಬ್ಬಿದ ಮಸಾಲೆ): ಈರುಳ್ಳಿ 2, ಬೆಳ್ಳುಳ್ಳಿ 12 ಎಸಳು, ಎರಡು ಇಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕೈದು ಪುದೀನ ಎಲೆ, ಚಕ್ಕೆ ಒಂದು ತುಂಡು, ಲವಂಗ 5, ಕಾಳುಮೆಣಸು ಒಂದು ಚಮಚ.

ಎರಡನೇ ಖಾರಕ್ಕೆ: ತೆಂಗಿನಕಾಯಿ ಅರ್ಧ ಹೋಳು, ಹುರಿಗಡಲೆ 1 ದೊಡ್ಡ ಚಮಚ, ಗಸಗಸೆ 1 ಚಿಕ್ಕ ಚಮಚ, ಟೊಮೇಟೊ 2.

ಪುಡಿ: ದನಿಯಾ ಪುಡಿ 3 ದೊಡ್ಡ ಚಮಚ, ಅಚ್ಚ ಖಾರದ ಪುಡಿ 2 ದೊಡ್ಡ ಚಮಚ, ಅರಿಶಿನ ಅರ್ಧ ಚಿಕ್ಕ ಚಮಚ. ಬ್ಯಾಡಗಿ ಮೆಣಸಿನಕಾಯಿಯದು ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ. ಎರಡನ್ನೂ ಬೆರೆಸಿಕೊಳ್ಳಿ. ಮನೆಯಲ್ಲೇ ಮಾಡಿದ ಸಾಂಬಾರ್ ಪುಡಿ ಇದ್ದರೆ ದನಿಯಾ ಪುಡಿ, ಖಾರದ ಪುಡಿ ಎರಡರ ಬದಲು ಅದೇ ಸಾಕು.

ಒಗ್ಗರಣೆಗೆ ಎಣ್ಣೆ, ಇನ್ನೊಂದು ಈರುಳ್ಳಿ, ಕರಿಬೇವು.

ಕ್ರಮ ಹೇಗೆ? ಯಾವುದು ಮೊದಲು, ಯಾವುದು ಆಮೇಲೆ?

ದಪ್ಪ ತಳದ ಪಾತ್ರೆ ಇಡಿ. ಎಣ್ಣೆ ಕಾದ ಮೇಲೆ ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿ ಕೆಂಪಗೆ ಬಾಡಿಸಿ. ತೊಳೆದು ನೀರು ಬಸಿದ ಮಾಂಸ, ಅರಿಶಿನ, ಒಂದು ಚಮಚ ಉಪ್ಪು ಹಾಕಿ. ಮುಚ್ಚಬೇಡಿ. ಸ್ವಲ್ಪ ಹೊತ್ತಿಗೆ ಮಾಂಸ ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ, ಮಾಂಸ ತನ್ನ ಕೊಬ್ಬಿನಲ್ಲೇ ಚುರ್ ಚುರ್ ಅನ್ನಬೇಕು. ಇದಕ್ಕೆ 15 ರಿಂದ 20 ನಿಮಿಷ ಹಿಡಿಯುತ್ತದೆ. ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ. ನೀರು ಇಂಗುವ ಮೊದಲೇ ಖಾರ ಸುರಿದರೆ ಹಸಿ ಮಾಂಸದ ವಾಸನೆ ಕೊನೆವರೆಗೂ ಉಳಿಯುತ್ತದೆ. ಇಲ್ಲಿ ಕಿವಿಯನ್ನು ನಂಬಿ. ನೀರು ಇರುವವರೆಗೆ ಪಾತ್ರೆಯಲ್ಲಿ ಕೊತ ಕೊತ ಸದ್ದು. ನೀರು ಹೋದ ಮೇಲೆ ಸದ್ದು ಬದಲಾಗಿ ಹುರಿಯುವ ಸದ್ದು ಬರುತ್ತದೆ.

ಈಗ ಮೊದಲ ಖಾರ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ, ಮೆಣಸನ್ನು ಎಣ್ಣೆಯಲ್ಲಿ ಬಾಡಿಸಿ, ಸೊಪ್ಪು ಸೇರಿಸಿ, ಆರಿದ ಮೇಲೆ ನುಣ್ಣಗೆ ರುಬ್ಬಿದ್ದು. ಇದನ್ನು ಮಾಂಸಕ್ಕೆ ಹಾಕಿ ಎಣ್ಣೆ ಬಿಡುವವರೆಗೆ ಹುರಿಯಿರಿ. ಆಮೇಲೆ ಪುಡಿಗಳನ್ನು ಹಾಕಿ ಒಂದೇ ನಿಮಿಷ ಕೈಯಾಡಿಸಿ. ಸೀದರೆ ಕಹಿ ಬರುತ್ತದೆ. ಕೂಡಲೇ ಬಿಸಿನೀರು ಹಾಕಿ. ತಣ್ಣೀರು ಬೇಡ, ಕುದಿ ನಿಂತು ಮಾಂಸ ಬಿಗಿಯುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಕಾರಣ ಏನೇ ಇರಲಿ, ಬಿಸಿನೀರು ಹಾಕಿದರೆ ಕುದಿ ನಿಲ್ಲದೆ ಕೆಲಸ ಮುಂದುವರಿಯುತ್ತದೆ. ಮಾಂಸದ ಮೇಲೆ ಎರಡು ಇಂಚು ನೀರು ನಿಲ್ಲಬೇಕು.

ಒಂದು ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ, ಮುಚ್ಚಳ ಸ್ವಲ್ಪ ಓರೆ ಇಡಿ. ಸಾರು ಜೋರಾಗಿ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದು ಒಡೆಯುತ್ತಿರಬೇಕು, ಅಷ್ಟೇ. ಕುರಿಯಾದರೆ ಸುಮಾರು ಒಂದು ಗಂಟೆ, ಮೇಕೆಯಾದರೆ ಒಂದೂವರೆ ಗಂಟೆ.

ಮಾಂಸ ಮುಕ್ಕಾಲು ಬೆಂದಾಗ ಅವರೆಕಾಳು ಹಾಕಿ. ಒಂದು ತುಂಡು ತೆಗೆದು ಉಗುರಿನಲ್ಲಿ ಒತ್ತಿ ನೋಡಿ. ಉಗುರು ಇಳಿಯಬೇಕು, ಆದರೆ ಮಾಂಸ ಇನ್ನೂ ಮೂಳೆಯನ್ನು ಹಿಡಿದುಕೊಂಡಿರಬೇಕು. ಆಗ ಹಾಕಿದ ಕಾಳು 20–25 ನಿಮಿಷ ಮಾಂಸದ ರಸದಲ್ಲೇ ಬೇಯುತ್ತದೆ. ಬೇರೆ ನೀರಿನಲ್ಲಿ ಬೇಯಿಸಿ ಕೊನೆಗೆ ಸೇರಿಸಿದರೆ ಕಾಳಿನ ಹೊಟ್ಟೆ ಆಗಲೇ ತುಂಬಿರುತ್ತದೆ, ರಸ ಕುಡಿಯುವುದಿಲ್ಲ.

ಕಾಳು ಬೆಂದ ಮೇಲೆ ಎರಡನೇ ಖಾರ. ಕಾಯಿ, ಹುರಿಗಡಲೆ, ಗಸಗಸೆ, ಟೊಮೇಟೊ ರುಬ್ಬಿ ಹಾಕಿ, ಉಪ್ಪು ನೋಡಿ, ಇನ್ನು 10 ನಿಮಿಷ ಕುದಿಸಿ. ಮೇಲೆ ಕೆಂಪು ಎಣ್ಣೆ ತೇಲಿದರೆ ಆಯಿತು. ಒಲೆ ಆರಿಸಿ ಅರ್ಧ ಗಂಟೆ ಸುಮ್ನೆ ಬಿಡಿ.

ಕುಕ್ಕರ್‌ನಲ್ಲಿ ಮಾಡಿದರೆ ಆಗಲ್ವಾ?

ಆಗುತ್ತದೆ, ವಾರದ ದಿನಗಳಲ್ಲಿ ನಾನೂ ಹಾಗೇ ಮಾಡುತ್ತೇನೆ. ಕುಕ್ಕರ್ ಒಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ, ಮಾಂಸ ಬೇಗ ಬೇಯುತ್ತದೆ. ಹುರಿಯುವುದೆಲ್ಲ ಕುಕ್ಕರಿನಲ್ಲೇ ಮುಗಿಸಿ, ಮಾಂಸ ಮಾತ್ರ ನಾಲ್ಕೈದು ಕೂಗು ಕೂಗಿಸಿ. ಒತ್ತಡ ತಾನಾಗಿ ಇಳಿಯಲಿ. ಆಮೇಲೆ ಮುಚ್ಚಳ ತೆಗೆದು, ಕಾಳು ಹಾಕಿ, ತೆರೆದ ಪಾತ್ರೆಯ ಹಾಗೇ ಬೇಯಿಸಿ. ಕಾಳನ್ನೂ ಮಾಂಸವನ್ನೂ ಒಟ್ಟಿಗೆ ಕೂಗಿಸಬೇಡಿ. ಹಸಿ ಅವರೆ ಗಂಜಿಯಾಗುತ್ತದೆ.

ಎಷ್ಟು ಹೊತ್ತು ಬೇಯಿಸಿದರೂ ಕಾಳು ಗಟ್ಟಿಯಾಗೇ ಇದೆ. ಏನು ತಪ್ಪಾಯಿತು?

ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ಮದುವೆಯಾದ ಮೊದಲ ವರ್ಷ, ಯುಗಾದಿ ಹೊಸತೊಡಕಿಗೆ ನೆಂಟರು ಬಂದಿದ್ದರು. ಹಸಿ ಕಾಯಿ ಮುಗಿದಿತ್ತು, ಒಣ ಅವರೆ ನೆನೆಸಿದ್ದೆ. ಮಾಂಸ ಹುರಿದು, ಹುಣಸೆ ರಸವನ್ನೂ ಟೊಮೇಟೊವನ್ನೂ ಮೊದಲೇ ಹಾಕಿ, ಆಮೇಲೆ ಕಾಳು ಹಾಕಿದೆ. ಎರಡು ಗಂಟೆ ಆದರೂ ಕಾಳು ಹಲ್ಲಿಗೆ ಕಚ್ಚುತ್ತಿತ್ತು. ಅತ್ತೆ ಬಂದು ಒಂದು ಕಾಳು ಬಾಯಿಗೆ ಹಾಕಿಕೊಂಡು, "ಹುಳಿ ಮೊದಲೇ ಬಿಟ್ಯೇನವ್ವಾ?" ಎಂದರು. ಅಷ್ಟೇ. ಬೇರೆ ಏನೂ ಅನ್ನಲಿಲ್ಲ. ಅವತ್ತಿನಿಂದ ಹುಳಿ ಕೊನೆಗೇ.

ಕಾಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪದಾರ್ಥ ಹುಳಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದಕ್ಕೇ ಟೊಮೇಟೊ, ಹುಣಸೆ, ಮೊಸರು ಯಾವುದೇ ಆದರೂ ಕಾಳು ಬೆಂದ ಮೇಲೆ. ಬೋರ್‌ವೆಲ್‌ನ ಗಡಸು ನೀರೂ ಇದೇ ತೊಂದರೆ ಕೊಡುತ್ತದೆ, ಅದರಲ್ಲಿರುವ ಸುಣ್ಣದ ಅಂಶ ಕಾಳನ್ನು ಬಿಗಿಯುತ್ತದೆ. ನಿಮ್ಮ ಕೊಡದಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ ಕಾಳು ನೆನೆಸಲು, ಬೇಯಿಸಲು ಕುಡಿಯುವ ನೀರು ಬಳಸಿ. ಮೂರನೆಯದು ಕಾಳಿನ ವಯಸ್ಸು. ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಕೂತ ಕಾಳನ್ನು ಏನು ಮಾಡಿದರೂ ಮೆತ್ತಗೆ ಮಾಡುವುದು ಕಷ್ಟ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುತ್ತಾರೆ. ಅದು ಸರಿಯಲ್ಲ. ನೆನೆಸುವ ನೀರಿಗೆ ಲೀಟರಿಗೆ ಎರಡು ಚಿಕ್ಕ ಚಮಚ ಉಪ್ಪು ಹಾಕಿದರೆ ಸಿಪ್ಪೆ ಇನ್ನೂ ಮೆತ್ತಗಾಗುತ್ತದೆ. ಅಡುಗೆ ಸೋಡಾ ಮಾತ್ರ ಒಂದು ಚಿಟಿಕೆ ಮೀರಬಾರದು. ಜಾಸ್ತಿಯಾದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಮಂಗಳೂರಿನಂಥ ಕರಾವಳಿಯ ಊರಿನವರು ಹೇಳುವ ಬೇಯಿಸುವ ಸಮಯಕ್ಕೆ ಇಲ್ಲಿ ಹತ್ತಿಪ್ಪತ್ತು ನಿಮಿಷ ಸೇರಿಸಿಕೊಳ್ಳಿ.

ಒಣ ಅವರೆಕಾಳಿನಲ್ಲಿ ಮಾಡುವುದಾದರೆ?

ಸುಮಾರು 250 ಗ್ರಾಂ ಸಾಕು. ರಾತ್ರಿ ನೆನೆಸಿ, ಬೆಳಗ್ಗೆ ಆ ನೀರು ಚೆಲ್ಲಿ, ತೊಳೆದು, ಹೊಸ ನೀರಿನಲ್ಲಿ ಒಂದು ಸಲ ಚೆನ್ನಾಗಿ ಕುದಿಸಿ ಅದನ್ನೂ ಬಸಿಯಿರಿ. ಒಣ ಅವರೆಯಲ್ಲಿ, ಅದರಲ್ಲೂ ಬಣ್ಣದ ಕಾಳಿನಲ್ಲಿ, ದೇಹಕ್ಕೆ ಆಗದ ಅಂಶ ಸ್ವಲ್ಪ ಇರುತ್ತದೆ. ನೆನೆಸಿ, ನೀರು ಚೆಲ್ಲಿ, ಪೂರ್ತಿ ಬೇಯಿಸಿದರೆ ಭಯವಿಲ್ಲ. ಅರೆಬೆಂದದ್ದು ತಿನ್ನಬೇಡಿ. ಇದು ಬೇಯಲು ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ಆದ್ದರಿಂದ ಮಾಂಸ ಅರ್ಧ ಬೆಂದಾಗಲೇ ಹಾಕಿ.

ಹಿತಕಿದ ಬೇಳೆಗೂ ಇದೇ ಕ್ರಮವೇ?

ಇಲ್ಲ. ರಾತ್ರಿ ನೆನೆದ ಹಸಿ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಮನೆಮಂದಿಯೆಲ್ಲ ಸುತ್ತ ಕೂತು ಮಾಡುವ ಕೆಲಸ ಇದು. ಮಕ್ಕಳಿಗೆ ಬೇಳೆ ಎಷ್ಟು ದೂರ ಹಾರಿತು ಅನ್ನುವುದೇ ಆಟ. ಸಿಪ್ಪೆ ಹೋದ ಬೇಳೆ ಹತ್ತು ಹನ್ನೆರಡು ನಿಮಿಷದಲ್ಲಿ ಬೇಯುತ್ತದೆ. ಮಾಂಸ ಪೂರ್ತಿ ಬೆಂದ ಮೇಲೆ, ಎರಡನೇ ಖಾರಕ್ಕೆ ಸ್ವಲ್ಪ ಮುಂಚೆ ಹಾಕಿ. ಆಮೇಲೆ ಸೌಟಿನಲ್ಲಿ ತಿರುವುತ್ತಾ ಇರಬೇಡಿ, ಪಾತ್ರೆ ಹಿಡಿದು ಅಲ್ಲಾಡಿಸಿ ಸಾಕು. ಹಬ್ಬಕ್ಕೆ, ಅಳಿಯ ಬಂದಾಗ ಮಾಡುವುದು ಈ ಬೇಳೆಯಲ್ಲೇ.

ಆಲೂಗಡ್ಡೆ, ಬದನೆಕಾಯಿ ಹಾಕಬಹುದಾ?

ಹಾಕುತ್ತಾರೆ, ಚೆನ್ನಾಗಿಯೂ ಇರುತ್ತದೆ. ಗುಂಡು ಬದನೆಕಾಯಿಯನ್ನು ನಾಲ್ಕು ಭಾಗ ಮಾಡಿ ಕಾಳಿನ ಜೊತೆ ಹಾಕಿ. ಎರಡೂ ಸೇರಿ ಅರ್ಧ ಕೆಜಿ ಮೀರದಿರಲಿ.

ನಾವು ಅಮೆರಿಕದಲ್ಲಿದ್ದೇವೆ. ಅವರೆಕಾಳು ಎಲ್ಲಿ ಸಿಗುತ್ತದೆ? ಸ್ಲೋ ಕುಕ್ಕರ್‌ನಲ್ಲಿ ಮಾಡಬಹುದಾ?

ಇಂಡಿಯನ್ ಅಂಗಡಿಯ ಫ್ರೀಜರ್‌ನಲ್ಲಿ 'ಸೂರ್ತಿ ಪಾಪ್ಡಿ ಲಿಲ್ವಾ' ಎಂಬ ಪ್ಯಾಕೆಟ್ ನೋಡಿ. ಅದು ಗುಜರಾತಿಗಳ ಹೆಸರು, ಒಳಗಿರುವುದು ಅವರೆಕಾಳೇ. ಸೊಗಡು ಕಡಿಮೆ, ಆದರೂ ಒಳ್ಳೆಯ ಸಾರು ಆಗುತ್ತದೆ. ಕರಗಿಸದೆ ನೇರವಾಗಿ ಹಾಕಿ. ಮಾಂಸಕ್ಕೆ ಲ್ಯಾಂಬ್ ಶೋಲ್ಡರ್ ಅಥವಾ ಮೂಳೆ ಇರುವ ಗೋಟ್ ತನ್ನಿ.

ಸ್ಲೋ ಕುಕ್ಕರ್ ಮಾಂಸಕ್ಕೆ ತುಂಬ ಒಳ್ಳೆಯದು, ಒಣ ಕಾಳಿಗೆ ಜೋಪಾನ. ಅವರೆ ಸಿಗದೆ ರಾಜ್ಮಾ ಬಳಸುವವರು ಇದನ್ನು ಗಮನವಿಟ್ಟು ಓದಿ. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ತರುವ ಲೆಕ್ಟಿನ್ ಎಂಬ ಅಂಶವಿದೆ. ಅದು ನಾಶವಾಗಬೇಕಾದರೆ ಜೋರಾಗಿ ಕುದಿಯಬೇಕು. ಸ್ಲೋ ಕುಕ್ಕರ್ ತುಂಬ ಹೊತ್ತು ಕುದಿಯುವ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಹಾಗೆ ಅರೆಬೆಂದ ರಾಜ್ಮಾ ಹಸಿಯದಕ್ಕಿಂತಲೂ ಕೆಟ್ಟದ್ದು. ಐದು ಗಂಟೆ ಆದರೂ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕುದಿಸಿ, ಆಮೇಲೆ ಸ್ಲೋ ಕುಕ್ಕರಿಗೆ ಹಾಕಿ. ಒಣ ಅವರೆಗೂ ನಾನು ಇದನ್ನೇ ಹೇಳುತ್ತೇನೆ. ಡಬ್ಬಿಯಲ್ಲಿ ಬರುವ ಕಾಳು ಆಗಲೇ ಬೆಂದಿರುತ್ತದೆ, ಅದಕ್ಕೆ ಈ ಚಿಂತೆ ಇಲ್ಲ.

ಗಲ್ಫ್ ದೇಶಗಳಿಗೆ ಹೋಗುವವರಿಗೆ ಒಂದು ಮಾತು. ಯುಎಇ, ಸೌದಿ ಅರೇಬಿಯಾದಲ್ಲಿ ಗಸಗಸೆ ನಿಷೇಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಮಸಾಲೆ ಪೊಟ್ಟಣದಲ್ಲೂ ಇರದಂತೆ ನೋಡಿಕೊಳ್ಳಿ. ಅದರ ಬದಲು ನಾಲ್ಕು ಗೋಡಂಬಿ ರುಬ್ಬಿ ಹಾಕಿದರೆ ಸಾರು ಅಷ್ಟೇ ಮಂದವಾಗುತ್ತದೆ.

ಉಪ್ಪು ಜಾಸ್ತಿಯಾದರೆ?

ಬಿಸಿನೀರು ಸೇರಿಸಿ, ಇನ್ನೊಂದು ಹಿಡಿ ಕಾಯಿ ರುಬ್ಬಿ ಹಾಕಿ. ಖಾರ ಜಾಸ್ತಿಯಾದರೂ ಇದೇ ಮದ್ದು.

ಮಾರನೇ ದಿನಕ್ಕೆ ಇಡಬಹುದಾ?

ಇಡಲೇಬೇಕು. ಎರಡನೇ ದಿನದ ಸಾರೇ ನನಗೆ ಹೆಚ್ಚು ಇಷ್ಟ. ರಾತ್ರಿಯೆಲ್ಲ ಕಾಳು ರಸ ಕುಡಿಯುತ್ತಾ ಇರುತ್ತದೆ. ಆದರೆ ಕಾಳು, ಕಾಯಿ, ಮಾಂಸ ಮೂರೂ ಇರುವ ಸಾರು ಬೇಗ ಹಳಸುತ್ತದೆ. ಊಟವಾದ ಎರಡು ಗಂಟೆಯೊಳಗೆ ಅಗಲದ ಪಾತ್ರೆಗೆ ಸುರಿದು, ಆರಿಸಿ ಫ್ರಿಜ್‌ಗೆ ಸೇರಿಸಿ. ಮೂರು ದಿನದೊಳಗೆ ಮುಗಿಸಿ. ಮೇಲೆ ಗಟ್ಟಿಯಾಗಿ ನಿಂತ ಕೊಬ್ಬನ್ನು ಬೇಡವಾದವರು ಚಮಚದಲ್ಲಿ ತೆಗೆಯಬಹುದು. ನಾನು ಅರ್ಧ ಮಾತ್ರ ತೆಗೆಯುತ್ತೇನೆ. ಬಿಸಿ ಮಾಡುವಾಗ ಸಾರು ಗಟ್ಟಿ ಅನ್ನಿಸುತ್ತದೆ, ತೆಳುವಾಗಿ ಬೇಕಾದರೆ ಅರ್ಧ ಲೋಟ ಬಿಸಿನೀರು ಸೇರಿಸಿ, ಹೇಗಿದ್ದರೂ ಪೂರ್ತಿ ಕುದಿ ಬರಿಸಿ.

ಯಾವುದರ ಜೊತೆ ತಿನ್ನಬೇಕು?

ರಾಗಿ ಮುದ್ದೆ. ಮುದ್ದೆಗೆ ಸಾರು ಸ್ವಲ್ಪ ತೆಳುವಾಗಿರಬೇಕು, ಯಾಕೆಂದರೆ ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಸಾರು ಮಂದವಾದರೆ ಗಂಟಲಲ್ಲಿ ಇಳಿಯುವುದಿಲ್ಲ. ಅಕ್ಕಿ ರೊಟ್ಟಿಗೆ, ಒತ್ತು ಶ್ಯಾವಿಗೆಗೆ, ಬೆಳಗಿನ ಇಡ್ಲಿಗೆ ಮಂದವಾದ ಸಾರು ಚೆನ್ನ. ಹಾಗಾಗಿ ಮೊದಲ ದಿನ ರಾತ್ರಿ ಮುದ್ದೆಗೆ ತೆಳು ಸಾರು ಬಡಿಸಿ, ಉಳಿದದ್ದನ್ನು ಮಾರನೇ ಬೆಳಗ್ಗೆ ನೀರು ಸೇರಿಸದೆ ಹಾಗೇ ಕುದಿಸಿ ಇಡ್ಲಿಗೆ ಇಟ್ಟುಕೊಳ್ಳಿ. ನಲ್ಲಿ ಮೂಳೆಯನ್ನು ಮಾತ್ರ ಮೊದಲ ದಿನವೇ, ಬಿಸಿ ಇರುವಾಗಲೇ ತಟ್ಟೆಗೆ ಹಾಕಿ ಕೊಡಿ. ತಣ್ಣಗಾದರೆ ಮಜ್ಜೆ ಹೊರಗೆ ಬರುವುದಿಲ್ಲ.